ಅತಿಯಾದರೆ ಅಮೃತವೂ ವಿಷ: ಗಾಳಿಯಿಂದ ಬೀಳುವ ಸಾರಜನಕ ಮತ್ತು ಕಾಡುಗಳ ಅಳಿವು-ಉಳಿವು

ಮಾಲಿನ್ಯವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾರ್ಖಾನೆಯ ಕಪ್ಪು ಹೊಗೆ, ನೊರೆಯುಕ್ಕುವ ಕೆರೆ, ರಾಶಿ ಬಿದ್ದ ಪ್ಲಾಸ್ಟಿಕ್. ಇವೆಲ್ಲವೂ ಜೀವಕ್ಕೆ ಬೇಡವಾದ ವಸ್ತುಗಳು. ಆದರೆ ಜೀವಕ್ಕೆ ಅತ್ಯವಶ್ಯಕವಾದ, ಸಸ್ಯಗಳಿಗೆ ಆಹಾರವೇ ಆದ ಒಂದು ವಸ್ತುವು ಗಾಳಿಯ ಮೂಲಕ ಮಿತಿಮೀರಿ ಬಂದು ಬಿದ್ದು, ಕಾಡು, ಹುಲ್ಲುಗಾವಲು ಮತ್ತು ಸರೋವರಗಳ ಸ್ವರೂಪವನ್ನೇ ಬದಲಿಸುತ್ತಿರುವ ಸಂಗತಿ ಜನಸಾಮಾನ್ಯರಲ್ಲಿ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಆ ವಸ್ತುವೇ ಸಾರಜನಕ, ಅಂದರೆ ನೈಟ್ರೋಜನ್. ಅದರ ಹಾನಿಗೆ ಬಣ್ಣವಿಲ್ಲ. ಬೆಟ್ಟವು ಮೊದಲಿಗಿಂತ ಹಸಿರಾಗಿ ಕಾಣುತ್ತಿರುವಾಗಲೇ ಅದರ ಒಡಲು ಬಡವಾಗುತ್ತಿರುತ್ತದೆ. ಈ ವಿಷಯದ ಮೂಲ, ಅದು ಕೆಲಸ ಮಾಡುವ ಬಗೆ, ಜಗತ್ತಿನ ಕೆಲವು ಪ್ರಸಿದ್ಧ ನಿದರ್ಶನಗಳು ಮತ್ತು ಭಾರತದ ಪರಿಸ್ಥಿತಿಯನ್ನು ಓದುಗರಿಗೆ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಾರಜನಕದ ಎರಡು ರೂಪಗಳು

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದೆ. 1772ರಲ್ಲಿ ಸ್ಕಾಟ್ಲೆಂಡಿನ ಡೇನಿಯಲ್ ರುದರ್‌ಫೋರ್ಡ್ ಇದನ್ನು ಪ್ರತ್ಯೇಕ ಅನಿಲವೆಂದು ಗುರುತಿಸಿದರು. ಈ ಅನಿಲದಲ್ಲಿ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಅದು ಬೇರಾವ ವಸ್ತುವಿನೊಡನೆಯೂ ಸುಲಭವಾಗಿ ಬೆರೆಯುವುದಿಲ್ಲ. ಗಿಡಮರಗಳ ಎಲೆ, ಬೇರು, ಬೀಜಗಳಿಗೆ, ಪ್ರಾಣಿಗಳ ಮಾಂಸ ರಕ್ತಗಳಿಗೆ ಸಾರಜನಕ ಬೇಕೇ ಬೇಕು. ಆದರೂ ಗಾಳಿಯಲ್ಲಿರುವ ಈ ಅಪಾರ ಸಂಪತ್ತನ್ನು ಅವು ನೇರವಾಗಿ ಮುಟ್ಟಲಾರವು. ಕಣಜದ ತುಂಬ ಧಾನ್ಯವಿದ್ದು ಬೀಗದ ಕೈ ಮಾತ್ರ ಬೇರೆಯವರ ಬಳಿ ಇರುವ ಮನೆಯಂತಹ ಸ್ಥಿತಿಯಿದು.

ಪ್ರಕೃತಿಯಲ್ಲಿ ಆ ಬೀಗದ ಕೈ ಇರುವುದು ಕೆಲವರಲ್ಲಿ ಮಾತ್ರ. ಮಿಂಚು ಹೊಡೆದಾಗ ಅದರ ತಾಪಕ್ಕೆ ಒಂದಿಷ್ಟು ಸಾರಜನಕವು ಆಮ್ಲಜನಕದೊಡನೆ ಕೂಡಿ ಮಳೆಯೊಡನೆ ನೆಲಕ್ಕಿಳಿಯುತ್ತದೆ. ಅದಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡುವವು ಕೆಲವು ಬಗೆಯ ಬ್ಯಾಕ್ಟೀರಿಯಾಗಳು. ಹುರುಳಿ, ಅಲಸಂದೆ, ತೊಗರಿ, ನೆಲಗಡಲೆ ಮುಂತಾದ ಗಿಡಗಳ ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಮ್ ಇವುಗಳಲ್ಲಿ ಪ್ರಮುಖವಾದುದು. ರಾಗಿಯ ನಡುವೆ ಅವರೆಯ ಸಾಲು ಬಿತ್ತುವ ನಮ್ಮ ರೈತರ ವಾಡಿಕೆಗೆ ಈ ವಿಜ್ಞಾನವೂ ಒತ್ತಾಸೆಯಾಗಿದೆ.

ಹೀಗೆ ಸಸ್ಯಗಳಿಗೆ ದಕ್ಕುವ ರೂಪಕ್ಕೆ ಬಂದ ಅಮೋನಿಯಾ, ನೈಟ್ರೇಟ್, ನೈಟ್ರೋಜನ್ ಆಕ್ಸೈಡುಗಳು ಮೊದಲಾದವನ್ನು ಒಟ್ಟಾಗಿ ಕ್ರಿಯಾಶೀಲ ಸಾರಜನಕ ಎನ್ನುತ್ತಾರೆ. ಕೋಟ್ಯಂತರ ವರ್ಷಗಳ ಕಾಲ ಇದು ಅಪರೂಪದ ವಸ್ತುವಾಗಿತ್ತು. ಆದ್ದರಿಂದಲೇ ಅನೇಕ ಸಸ್ಯಗಳು ಸ್ವಲ್ಪದರಲ್ಲಿಯೇ ಬಾಳುವುದನ್ನು ಕಲಿತವು. ಉದುರುವ ಮುನ್ನ ಎಲೆಯ ಸತ್ವವನ್ನು ಮರಳಿ ಹೀರುವುದು, ಬೇರಿಗೆ ಹೊಂದಿಕೊಂಡ ಶಿಲೀಂಧ್ರಗಳ ನೆರವು ಪಡೆಯುವುದು, ನಿಧಾನವಾಗಿ ಬೆಳೆಯುವುದು ಇವೆಲ್ಲ ಆ ಮಿತವ್ಯಯದ ರೂಢಿಗಳು. ಕಾಡಿನ ವೈವಿಧ್ಯದ ಬಹುಪಾಲು ಈ ಅಭಾವದ ಮೇಲೆಯೇ ನಿಂತಿದೆ ಎಂಬುದನ್ನು ಮರೆತರೆ ಮುಂದಿನ ವಿಚಾರ ಅರ್ಥವಾಗದು.

ಗಾಳಿಯಿಂದ ಅನ್ನ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ಹೊಲಗಳಿಗೆ ಗೊಬ್ಬರದ ಅಭಾವ ತಲೆದೋರುವ ಭಯವಿತ್ತು. ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ಹಕ್ಕಿಹಿಕ್ಕೆ ಮತ್ತು ಚಿಲಿ ದೇಶದ ನೈಟ್ರೇಟ್ ನಿಕ್ಷೇಪಗಳು ಎಷ್ಟು ಕಾಲ ಬಂದಾವು ಎಂಬ ಚಿಂತೆ ಹರಡಿತ್ತು. 1898ರಲ್ಲಿ ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್, ಗಾಳಿಯ ಸಾರಜನಕವನ್ನು ಹಿಡಿಯುವ ಉಪಾಯವನ್ನು ರಸಾಯನಶಾಸ್ತ್ರ ಕಂಡುಹಿಡಿಯದಿದ್ದರೆ ಗೋಧಿಯ ಕ್ಷಾಮ ತಪ್ಪದು ಎಂದು ಎಚ್ಚರಿಸಿದ್ದರು.

ಆ ಉಪಾಯವನ್ನು 1909ರಲ್ಲಿ ಸಾಧಿಸಿದವರು ಜರ್ಮನಿಯ ಫ್ರಿಟ್ಸ್ ಹೇಬರ್. ಅಧಿಕ ಒತ್ತಡ ಹಾಗೂ ಉಷ್ಣತೆಯಲ್ಲಿ, ವೇಗವರ್ಧಕದ ನೆರವಿನಿಂದ ಸಾರಜನಕ ಮತ್ತು ಜಲಜನಕಗಳನ್ನು ಕೂಡಿಸಿ ಅವರು ಅಮೋನಿಯಾ ಪಡೆದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು. 1913ರಲ್ಲಿ ಜರ್ಮನಿಯ ಓಪೌ ಎಂಬಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು. ಇಂದು ಯೂರಿಯಾ ಮುಂತಾದ ಸಾರಜನಕ ಗೊಬ್ಬರಗಳ ಮೂಲ ಇದೇ ವಿಧಾನ. ಜಗತ್ತಿನ ಜನಸಂಖ್ಯೆಯ ಸುಮಾರು ಅರ್ಧ ಭಾಗ ಈ ಗೊಬ್ಬರದಿಂದ ಬೆಳೆದ ಅನ್ನವನ್ನು ಉಣ್ಣುತ್ತಿದೆ ಎಂದು ತಜ್ಞರು ಅಂದಾಜಿಸಿದ್ದಾರೆ. ಆದ್ದರಿಂದ ಸಾರಜನಕದ ಮಾಲಿನ್ಯದ ಬಗ್ಗೆ ಬರೆಯುವಾಗ ಗೊಬ್ಬರವನ್ನು ಶತ್ರುವೆಂದು ಹಳಿಯುವುದು ಕೃತಘ್ನತೆಯಾದೀತು.

ತೊಂದರೆಯಿರುವುದು ಸೋರಿಕೆಯಲ್ಲಿ. ಹೊಲಕ್ಕೆ ಹಾಕಿದ ಸಾರಜನಕದಲ್ಲಿ ಬೆಳೆಯೊಳಗೆ ಸೇರುವುದು ಜಾಗತಿಕ ಸರಾಸರಿಯಲ್ಲಿ ಅರ್ಧದಷ್ಟೂ ಇಲ್ಲ. ಮಿಕ್ಕದ್ದರಲ್ಲಿ ಒಂದಷ್ಟು ಅಮೋನಿಯಾ ಆಗಿ ಗಾಳಿಗೇರುತ್ತದೆ, ಒಂದಷ್ಟು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಇನ್ನೊಂದಿಷ್ಟು ನೈಟ್ರಸ್ ಆಕ್ಸೈಡ್ ಆಗುತ್ತದೆ. ಈ ಅನಿಲವು ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷಗಳ ಲೆಕ್ಕದಲ್ಲಿ 273 ಪಟ್ಟು ಪ್ರಬಲ. ದನ, ಹಂದಿ, ಕೋಳಿಗಳ ದೊಡ್ಡ ಸಾಕಣೆ ಕೇಂದ್ರಗಳ ಸಗಣಿ-ಗಂಜಲದಿಂದಲೂ ಅಮೋನಿಯಾ ಏಳುತ್ತದೆ. ಇದಲ್ಲದೆ ವಾಹನ, ವಿದ್ಯುತ್ ಸ್ಥಾವರ, ಹಡಗುಗಳಲ್ಲಿ ಇಂಧನ ಉರಿದಾಗ ಆ ತಾಪಕ್ಕೆ ಗಾಳಿಯ ಜಡ ಸಾರಜನಕವೇ ನೈಟ್ರೋಜನ್ ಆಕ್ಸೈಡ್ ಆಗಿ ಮಾರ್ಪಡುತ್ತದೆ. ಇವೆಲ್ಲ ಸೇರಿ, ನೆಲದ ಮೇಲೆ ಪ್ರತಿವರ್ಷ ಹುಟ್ಟುವ ಕ್ರಿಯಾಶೀಲ ಸಾರಜನಕದ ಪ್ರಮಾಣವನ್ನು ಮಾನವನು ಒಂದು ಶತಮಾನದೊಳಗೆ ದ್ವಿಗುಣಗೊಳಿಸಿದ್ದಾನೆ.

ಆಕಾಶದಿಂದ ಇಳಿಯುವ ಬಗೆ

ಗಾಳಿಗೇರಿದ್ದು ಗಾಳಿಯಲ್ಲಿಯೇ ಉಳಿಯುವುದಿಲ್ಲ. ಮಳೆ, ಹಿಮ, ಮಂಜುಗಳ ಮೂಲಕ ಇಳಿಯುವುದು ಒಂದು ಬಗೆ. ಅನಿಲ ಅಥವಾ ಸೂಕ್ಷ್ಮ ಕಣಗಳ ರೂಪದಲ್ಲಿ ಎಲೆ, ತೊಗಟೆ, ಮಣ್ಣುಗಳ ಮೇಲೆ ನೇರವಾಗಿ ಕೂರುವುದು ಇನ್ನೊಂದು ಬಗೆ. ಅಮೋನಿಯಾ ಅನಿಲವು ಸಾಮಾನ್ಯವಾಗಿ ಹುಟ್ಟಿದ ಸ್ಥಳದ ಆಸುಪಾಸಿನಲ್ಲಿ ಬೀಳುತ್ತದೆ. ಅದೇ ಅನಿಲವು ಆಮ್ಲಗಳೊಡನೆ ಕೂಡಿ ಕಣವಾದರೆ ನೂರಾರು ಕಿಲೋಮೀಟರ್ ದೂರದ ಬೆಟ್ಟವನ್ನು ಸೇರಬಲ್ಲದು. ಎತ್ತರದ ಮರಗಳುಳ್ಳ ಕಾಡು ಗಾಳಿಯನ್ನು ಜರಡಿಯಂತೆ ಸೋಸುವುದರಿಂದ ಬಯಲಿಗಿಂತ ಕಾಡಿನ ಮೇಲೆ ಹೆಚ್ಚು ಬೀಳುತ್ತದೆ.

ಮಾಲಿನ್ಯ ತಟ್ಟದ ಪ್ರದೇಶದಲ್ಲಿ ಹೀಗೆ ಬೀಳುವುದು ಹೆಕ್ಟೇರಿಗೆ, ಅಂದರೆ ಸುಮಾರು ಎರಡೂವರೆ ಎಕರೆಗೆ, ವರ್ಷಕ್ಕೆ ಒಂದು ಕಿಲೋಗ್ರಾಮಿನ ಆಸುಪಾಸು. ಕೈಗಾರಿಕೆ ಮತ್ತು ಸಾಂದ್ರ ಕೃಷಿಯಿರುವ ಪ್ರದೇಶಗಳಲ್ಲಿ ಅದು ಹತ್ತು, ಇಪ್ಪತ್ತು, ಕೆಲವೆಡೆ ಇನ್ನೂ ಹೆಚ್ಚು ಕಿಲೋ ತಲುಪುತ್ತದೆ. ರೈತನು ಒಂದೇ ಬೆಳೆಗೆ ಹೆಕ್ಟೇರಿಗೆ ನೂರು ಕಿಲೋ ಹಾಕುವಾಗ ಕಾಡಿಗೆ ಇಪ್ಪತ್ತು ಕಿಲೋ ಬಿದ್ದರೇನು ಎಂಬ ಪ್ರಶ್ನೆ ಸಹಜ. ಹೊಲದಲ್ಲಿ ಪ್ರತಿವರ್ಷ ಕೊಯ್ಲಾಗಿ ಸಾರಜನಕ ಹೊರಹೋಗುತ್ತದೆ. ಕಾಡಿನ ಖಾತೆಯಲ್ಲಿ ಜಮೆಯೇ ಹೊರತು ಖರ್ಚು ಅಲ್ಪ. ವರ್ಷ ವರ್ಷವೂ ಬಿದ್ದದ್ದು ಮಣ್ಣಿನಲ್ಲಿ ಸಂಚಯವಾಗುತ್ತಾ ಹೋಗುತ್ತದೆ. ಐವತ್ತು ವರ್ಷಗಳ ಸಂಚಯ ಸಣ್ಣದಲ್ಲ.

ಹುಲ್ಲುಗಾವಲಿನ ಸಾಕ್ಷ್ಯ

ಹೆಚ್ಚಿದ ಸಾರಜನಕವು ಸಸ್ಯ ಸಮುದಾಯವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಅತ್ಯಂತ ಹಳೆಯ ಸಾಕ್ಷ್ಯ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿದೆ. ಅಲ್ಲಿಯ 'ಪಾರ್ಕ್ ಗ್ರಾಸ್' ಎಂಬ ಹುಲ್ಲುಗಾವಲನ್ನು 1856ರಲ್ಲಿ ಜಾನ್ ಲಾಸ್ ಮತ್ತು ಹೆನ್ರಿ ಗಿಲ್ಬರ್ಟ್ ಎಂಬವರು ತುಂಡುಗಳಾಗಿ ವಿಭಜಿಸಿ, ಒಂದೊಂದಕ್ಕೂ ಬೇರೆ ಬೇರೆ ಗೊಬ್ಬರ ಕೊಡಲಾರಂಭಿಸಿದರು. ಒಣಹುಲ್ಲಿನ ಇಳುವರಿ ಹೆಚ್ಚಿಸುವುದಷ್ಟೇ ಅವರ ಗುರಿಯಾಗಿತ್ತು. ಪ್ರಯೋಗ ಇಂದಿಗೂ ಮುಂದುವರಿದಿದೆ. ಏನೂ ಹಾಕದ ತುಂಡುಗಳಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಹುಲ್ಲು ಮತ್ತು ಹೂಗಿಡಗಳಿವೆ. ಅಮೋನಿಯಂ ಸಲ್ಫೇಟನ್ನು ಹೇರಳವಾಗಿ ಹಾಕುತ್ತಾ, ಸುಣ್ಣ ಕೊಡದ ತುಂಡುಗಳಲ್ಲಿ ಉಳಿದಿರುವುದು ಬೆರಳೆಣಿಕೆಯ ಹುಲ್ಲಿನ ಜಾತಿಗಳು ಮಾತ್ರ. ಹುಲ್ಲಿನ ರಾಶಿ ದೊಡ್ಡದು, ಜಾತಿಗಳ ಪಟ್ಟಿ ಚಿಕ್ಕದು.

ಇದಕ್ಕೆ ಎರಡು ಕಾರಣಗಳಿವೆ. ಸಾರಜನಕ ಸಮೃದ್ಧವಾದಾಗ ಬೇಗ ಬೆಳೆಯುವ ಎತ್ತರದ ಹುಲ್ಲುಗಳು ಮೇಲೇರಿ ಬೆಳಕನ್ನು ತಡೆಯುತ್ತವೆ. ಮಿತವಾಗಿ ಬದುಕುವ ಕುಳ್ಳ ಗಿಡಗಳು ನೆರಳಿನಲ್ಲಿ ಸೊರಗುತ್ತವೆ. ಎರಡನೆಯದು, ಅಮೋನಿಯಂ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಉತ್ಪತ್ತಿಯಾಗಿ ಮಣ್ಣು ಹುಳಿಯಾಗುತ್ತದೆ.

ಪ್ರಯೋಗದ ತುಂಡುಗಳಲ್ಲಿ ಕಂಡದ್ದು ನಾಡಿನಲ್ಲಿಯೂ ನಡೆಯುತ್ತಿದೆಯೇ? ಬ್ರಿಟನ್ನಿನ ಸಂಶೋಧಕಿ ಕಾರ್ಲಿ ಸ್ಟೀವನ್ಸ್ ಮತ್ತು ಸಂಗಡಿಗರು 68 ಹುಲ್ಲುಗಾವಲುಗಳನ್ನು ಸಮೀಕ್ಷಿಸಿ 2004ರಲ್ಲಿ ಇದಕ್ಕೆ ಉತ್ತರ ನೀಡಿದರು. ಗಾಳಿಯಿಂದ ಬೀಳುವ ಸಾರಜನಕವು ಹೆಕ್ಟೇರಿಗೆ ವರ್ಷಕ್ಕೆ ಎರಡೂವರೆ ಕಿಲೋ ಹೆಚ್ಚಾದಂತೆಲ್ಲ, ನಾಲ್ಕು ಚದರ ಮೀಟರ್ ಜಾಗದಲ್ಲಿ ಒಂದೊಂದು ಸಸ್ಯಜಾತಿ ಕಡಿಮೆಯಾಗಿತ್ತು. ಮಧ್ಯ ಯೂರೋಪಿನ ಸರಾಸರಿಯಾದ 17 ಕಿಲೋ ಬೀಳುವಲ್ಲಿ, ಅತಿ ಕಡಿಮೆ ಬೀಳುವ ಸ್ಥಳಗಳಿಗೆ ಹೋಲಿಸಿದರೆ ಜಾತಿಗಳ ಸಂಖ್ಯೆ ಶೇಕಡಾ 23ರಷ್ಟು ಕುಗ್ಗಿತ್ತು. ಆ ಹುಲ್ಲುಗಾವಲುಗಳಿಗೆ ಯಾರೂ ಚೀಲ ಹೊತ್ತು ಗೊಬ್ಬರ ಹಾಕಿರಲಿಲ್ಲ.

ನೆದರ್‌ಲ್ಯಾಂಡ್ಸ್: ನೇರಳೆ ಬಯಲು ಹುಲ್ಲಾದ ಕಥೆ

ಸಾರಜನಕದ ಮಾಲಿನ್ಯವು ಒಂದು ದೇಶದ ರಾಜಕಾರಣವನ್ನೇ ಅಲುಗಿಸಿದ ನಿದರ್ಶನ ನೆದರ್‌ಲ್ಯಾಂಡ್ಸಿನದು. ಆ ದೇಶದ ಮರಳುಮಣ್ಣಿನ ಬಯಲುಗಳಲ್ಲಿ ಹೀದರ್ ಎಂಬ ಕುಳ್ಳ ಪೊದೆ ಹಬ್ಬಿದೆ. ಆಗಸ್ಟ್ ತಿಂಗಳಲ್ಲಿ ಅದು ಹೂ ಬಿಟ್ಟರೆ ಬಯಲೆಲ್ಲ ನೇರಳೆ ಬಣ್ಣ ತಾಳುತ್ತದೆ. ಈ ಬಯಲುಗಳು ಶತಮಾನಗಳ ಮಾನವ ಶ್ರಮದ ಫಲ. ರೈತರು ಕುರಿ ಮೇಯಿಸಿ, ಮೇಲ್ಮಣ್ಣಿನ ಹೆಂಟೆಗಳನ್ನು ಕತ್ತರಿಸಿ ಕೊಟ್ಟಿಗೆಗೆ ಹಾಸಿ, ಅದನ್ನು ಹೊಲಕ್ಕೆ ಗೊಬ್ಬರವಾಗಿ ಒಯ್ಯುತ್ತಿದ್ದರು. ಹೀಗೆ ಬಯಲಿನ ಸತ್ವ ಸತತವಾಗಿ ಹೊರಹೋಗುತ್ತಿದ್ದುದರಿಂದ ಆ ಬಡ ಮಣ್ಣಿನಲ್ಲಿ ಹೀದರ್ ಒಂದೇ ಸುಖವಾಗಿ ಬಾಳಿತು.

ಎರಡನೆಯ ಮಹಾಯುದ್ಧದ ನಂತರ ಆ ಚಿಕ್ಕ ದೇಶದಲ್ಲಿ ದನ, ಹಂದಿ, ಕೋಳಿ ಸಾಕಣೆ ಬೃಹತ್ತಾಗಿ ಬೆಳೆಯಿತು. ಸಾಗರದಾಚೆಯಿಂದ ಸೋಯಾ ಮೊದಲಾದ ಮೇವು ಬಂದಿತು. ಮಾಂಸ ಮತ್ತು ಚೀಸು ರಫ್ತಾಯಿತು, ಸಗಣಿ-ಗಂಜಲ ಮಾತ್ರ ಅಲ್ಲಿಯೇ ಉಳಿಯಿತು. 1970 ಹಾಗೂ 1980ರ ದಶಕಗಳಲ್ಲಿ ವಿಶಾಲವಾದ ಹೀದರ್ ಬಯಲುಗಳು ಹುಲ್ಲಿನ ಬಯಲುಗಳಾಗಿ ಮಾರ್ಪಟ್ಟವು. ಸಾರಜನಕ ಹೆಚ್ಚಾದ ಎಲೆಯು ಹೀದರ್ ಜೀರುಂಡೆಗೆ ಪುಷ್ಟಿಕರವಾಗಿ, ಅದರ ಹಾವಳಿ ಏರಿತು. ಜೀರುಂಡೆ ತಿಂದು ಬಿಟ್ಟ ಪೊದೆಯ ನಡುವೆ ಬೆಳಕು ಬಿದ್ದಲ್ಲಿ ಹುಲ್ಲು ನುಗ್ಗಿತು. ಒಮ್ಮೆ ಹುಲ್ಲು ಹಬ್ಬಿದ ಮೇಲೆ ಹೀದರ್ ತಾನಾಗಿ ಮರಳುವುದು ದುಸ್ತರ.

ಅದೇ ದೇಶದ ಮರಳುಮಣ್ಣಿನ ಕಾಡುಗಳಲ್ಲಿ ಇನ್ನೊಂದು ವಿಚಿತ್ರ ಕಂಡುಬಂದಿತು. ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಬಿರುಕು ಬಿಡುತ್ತಿತ್ತು. ಕೆಲವು ಹಕ್ಕಿಗಳು ಮೊಟ್ಟೆಯಿಲ್ಲದ ಗೂಡಿನಲ್ಲಿ ಕಾವು ಕೂತಿದ್ದವು. ಸಂಶೋಧಕ ಗ್ರಾವ್‌ಲ್ಯಾಂಡ್ ಮತ್ತು ಸಂಗಡಿಗರು 1994ರಲ್ಲಿ ಇದರ ಎಳೆಯನ್ನು ಬಿಡಿಸಿದರು. ಗಂಧಕ ಮತ್ತು ಸಾರಜನಕದ ಆಮ್ಲಗಳಿಂದ ಮಣ್ಣಿನ ಸುಣ್ಣದ ಅಂಶ ಕರಗಿ ಹೋಗಿತ್ತು. ಸುಣ್ಣವಿಲ್ಲದೆ ಬಸವನಹುಳುಗಳು ವಿರಳವಾಗಿದ್ದವು. ಬಸವನಹುಳುವಿನ ಚಿಪ್ಪೇ ಹಕ್ಕಿಗೆ ಸುಣ್ಣದ ಮೂಲವಾಗಿತ್ತು. ಬಸವನಹುಳು ಮತ್ತು ಕೋಳಿಮೊಟ್ಟೆಯ ಚಿಪ್ಪಿನ ಚೂರುಗಳನ್ನು ಕಾಡಿನಲ್ಲಿಟ್ಟಾಗ ಮೊಟ್ಟೆಗಳು ಸುಧಾರಿಸಿದವು. ಗಾಳಿಯಲ್ಲಿ ಬಂದ ಅನಿಲವೊಂದು ಮಣ್ಣು, ಹುಳು, ಹಕ್ಕಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ ಗೂಡನ್ನು ಬರಿದು ಮಾಡಿದ ಬಗೆಯಿದು.

ಮರಗಳ ಒಳಗೇನಾಗುತ್ತದೆ?

ಸಾರಜನಕದ ಅಭಾವವಿದ್ದ ಕಾಡಿಗೆ ಮೊದಮೊದಲು ಅದು ಬಿದ್ದಾಗ ಮರಗಳು ಚೆನ್ನಾಗಿಯೇ ಬೆಳೆಯುತ್ತವೆ. ಹಲವು ವರ್ಷ ಯಾರಿಗೂ ದೋಷ ಕಾಣದು. ಆದರೆ ಮರಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಹೀರಿಕೊಳ್ಳಲಾರದಷ್ಟು ಸೇರಿದಾಗ ಕಾಡು ತಣಿದುಬಿಡುತ್ತದೆ. ಅಮೆರಿಕದ ಜಾನ್ ಏಬರ್ ಮತ್ತು ಸಂಗಡಿಗರು 1989ರಲ್ಲಿ ಈ ಸ್ಥಿತಿಯನ್ನು 'ಸಾರಜನಕ ಸಂತೃಪ್ತಿ' ಎಂದು ವಿವರಿಸಿದರು. ಅಲ್ಲಿಂದ ಮುಂದೆ ಹೆಚ್ಚಿನದು ನೈಟ್ರೇಟ್ ಆಗಿ ತೊರೆಗಳಿಗೆ ಹರಿಯುತ್ತದೆ. ಹೋಗುವಾಗ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಕರೆದೊಯ್ಯುತ್ತದೆ. ಶತಮಾನಗಳಿಂದ ಬಂಡೆ ಸವೆದು ಕೂಡಿಟ್ಟ ಉಳಿತಾಯ ಹೀಗೆ ಕರಗುತ್ತದೆ. ಹುಳಿಯಾದ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೂ ತೊರೆಯ ಮೀನಿಗೂ ವಿಷವಾಗುತ್ತದೆ.

ಈ ವಾದವನ್ನು ಪರೀಕ್ಷಿಸಲು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಾರ್ವರ್ಡ್ ಅರಣ್ಯದಲ್ಲಿ 1988ರಲ್ಲಿ ಪ್ರಯೋಗ ಪ್ರಾರಂಭವಾಯಿತು. ಪೈನ್ ತೋಪೊಂದಕ್ಕೂ ಓಕ್ ಮುಂತಾದ ಅಗಲ ಎಲೆಯ ಮರಗಳ ತೋಪೊಂದಕ್ಕೂ ಹೆಕ್ಟೇರಿಗೆ ವರ್ಷಕ್ಕೆ 50 ಮತ್ತು 150 ಕಿಲೋ ಸಾರಜನಕ ಕೊಡಲಾಯಿತು. ಹೆಚ್ಚಿನ ಪ್ರಮಾಣ ಪಡೆದ ಪೈನ್ ಮರಗಳು ಕಾಲಕ್ರಮದಲ್ಲಿ ಬೆಳವಣಿಗೆ ಕುಂಠಿತವಾಗಿ ದೊಡ್ಡ ಸಂಖ್ಯೆಯಲ್ಲಿ ಸತ್ತವು. ಓಕ್ ಮರಗಳು ಮಾತ್ರ ಹೆಚ್ಚು ಬೆಳೆದವು. ಹೀಗೆ ಒಂದೇ ವಸ್ತು ಒಬ್ಬರಿಗೆ ಔಷಧವಾಗಿ ಇನ್ನೊಬ್ಬರಿಗೆ ವಿಷವಾದಾಗ ಕಾಡಿನ ಸದಸ್ಯರ ಪಟ್ಟಿಯೇ ಬದಲಾಗುತ್ತದೆ. ಈ ಪ್ರಯೋಗದಲ್ಲಿ ಕೊಟ್ಟ ಪ್ರಮಾಣ ಸಾಮಾನ್ಯವಾಗಿ ಗಾಳಿಯಿಂದ ಬೀಳುವುದಕ್ಕಿಂತ ಬಹಳ ಹೆಚ್ಚು ಎಂಬುದನ್ನೂ ನೆನಪಿಡಬೇಕು. ದಶಕಗಳಲ್ಲಿ ಆಗುವುದನ್ನು ವರ್ಷಗಳಲ್ಲಿ ಕಾಣುವುದು ಅದರ ಉದ್ದೇಶ.

ಮರದ ಬೇರಿಗೆ ಹೊಂದಿಕೊಂಡು ಬದುಕುವ ಶಿಲೀಂಧ್ರಗಳಿಗೂ ಇದರಿಂದ ಕುತ್ತು. ಅವು ಮಣ್ಣಿನಿಂದ ಸಾರಜನಕ, ರಂಜಕಗಳನ್ನು ತಂದುಕೊಟ್ಟು ಪ್ರತಿಯಾಗಿ ಮರದಿಂದ ಸಕ್ಕರೆ ಪಡೆಯುತ್ತವೆ. ಸಾರಜನಕ ಪುಕ್ಕಟೆಯಾಗಿ ಸಿಗುವಾಗ ಮರವು ಆ ಸಂಬಳವನ್ನು ಕಡಿತಗೊಳಿಸುತ್ತದೆ. ಶಿಲೀಂಧ್ರ ಸೊರಗಿದರೆ ರಂಜಕವೂ ನೀರೂ ಬೇಕಾದ ಕಾಲಕ್ಕೆ ಮರಕ್ಕೆ ಸಹಾಯ ಸಿಗದು.

ಎಲ್ಲಕ್ಕಿಂತ ಮೊದಲು ನೊಂದು ನಮಗೆ ಎಚ್ಚರಿಕೆ ಕೊಡುವುದು ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯಲ್ಲಿರುವ, ಮರಾಠಿಗರು ದಗಡ್‌ಫೂಲ್ ಎಂದೂ ತಮಿಳರು ಕಲ್ಪಾಸಿ ಎಂದೂ ಕರೆಯುವ ಅದೇ ವರ್ಗದ ಜೀವಿ. ಶಿಲೀಂಧ್ರ ಮತ್ತು ಪಾಚಿ ಒಂದಾಗಿ ಬಾಳುವ ಈ ಜೀವಿಗೆ ಬೇರಿಲ್ಲ. ತನಗೆ ಬೇಕಾದುದನ್ನೆಲ್ಲ ಗಾಳಿ-ಮಳೆಗಳಿಂದಲೇ ಪಡೆಯುವುದರಿಂದ ಗಾಳಿಯ ದೋಷ ಅದಕ್ಕೆ ನೇರವಾಗಿ ತಟ್ಟುತ್ತದೆ. ಅಮೋನಿಯಾ ಹೆಚ್ಚಾದೆಡೆ ಗಡ್ಡದಂತೆ ಜೋಲುವ ಸೂಕ್ಷ್ಮ ಜಾತಿಗಳು ಮಾಯವಾಗಿ, ಹಳದಿ-ಕಿತ್ತಳೆ ಬಣ್ಣದ ಗಟ್ಟಿಗ ಜಾತಿಗಳು ತೊಗಟೆಯನ್ನು ಆವರಿಸುತ್ತವೆ.

ಚಿಟ್ಟೆ, ಹಸು ಮತ್ತು ಮೋಟಾರು ಕಾರು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಬಳಿಯ ಗುಡ್ಡಗಳಲ್ಲಿ ಸರ್ಪೆಂಟೈನ್ ಎಂಬ ಶಿಲೆಯಿಂದಾದ ಬಡ ಮಣ್ಣಿದೆ. ಸ್ಥಳೀಯ ಪುಟ್ಟ ಹೂಗಿಡಗಳಿಗೂ, ಅವನ್ನು ಆಶ್ರಯಿಸಿದ ಬೇ ಚೆಕರ್‌ಸ್ಪಾಟ್ ಎಂಬ ಚಿಟ್ಟೆಗೂ ಅದು ನೆಲೆ. ಈ ಚಿಟ್ಟೆಯನ್ನು 1987ರಲ್ಲಿ ಅಪಾಯದಂಚಿನ ಪಟ್ಟಿಗೆ ಸೇರಿಸಲಾಯಿತು. ಗುಡ್ಡಗಳನ್ನು ರಕ್ಷಿಸುವ ಸದುದ್ದೇಶದಿಂದ ಕೆಲವೆಡೆ ದನ ಮೇಯಿಸುವುದನ್ನು ನಿಲ್ಲಿಸಿದಾಗ ಚಿಟ್ಟೆಗಳು ಅಲ್ಲಿಯೇ ನಾಶವಾದವು. ಮೇಯಿಸುವಿಕೆ ಮುಂದುವರಿದೆಡೆ ಉಳಿದವು.

ಈ ಒಗಟನ್ನು 1999ರಲ್ಲಿ ಸ್ಟುವರ್ಟ್ ವೈಸ್ ಎಂಬ ಸಂಶೋಧಕರು ಬಿಡಿಸಿದರು. ನಗರದ ವಾಹನಗಳ ಹೊಗೆಯಿಂದ ಗುಡ್ಡಕ್ಕೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 10ರಿಂದ 15 ಕಿಲೋ ಸಾರಜನಕ ಬೀಳುತ್ತಿತ್ತು. ಅದರಿಂದ ಯೂರೋಪು ಮೂಲದ ಹುಲ್ಲುಗಳು ದಟ್ಟವಾಗಿ ಬೆಳೆದು, ಕಂಬಳಿಹುಳು ತಿನ್ನುವ ಪುಟ್ಟ ಗಿಡವನ್ನು ಮುಚ್ಚುತ್ತಿದ್ದವು. ದನಗಳು ಆ ಹುಲ್ಲನ್ನು ಮೇದು ಗಿಡಕ್ಕೆ ಜಾಗ ಬಿಡಿಸುತ್ತಿದ್ದವು. ಬೇಲಿ ಹಾಕಿ ಸುಮ್ಮನಿದ್ದರೆ ಪ್ರಕೃತಿ ತಾನೇ ಉಳಿಯುತ್ತದೆ ಎಂಬ ನಂಬಿಕೆಗೆ ಇದು ದೊಡ್ಡ ಪಾಠ. ಗಾಳಿಗೆ ಬೇಲಿಯಿಲ್ಲ.

ಭಾರತದ ಪರಿಸ್ಥಿತಿ

ಮೇಲಿನ ನಿದರ್ಶನಗಳೆಲ್ಲ ಶೀತ ಅಥವಾ ಸಮಶೀತೋಷ್ಣ ದೇಶಗಳವು. ಉಷ್ಣವಲಯದ ಕಾಡುಗಳ ಲೆಕ್ಕಾಚಾರ ಸ್ವಲ್ಪ ಭಿನ್ನ. ಹೆಚ್ಚು ಮಳೆ ಬೀಳುವ ಹಳೆಯ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಕೊರತೆಯಿರುವುದು ರಂಜಕದ್ದು. ಸಾರಜನಕ ಅಷ್ಟು ದುರ್ಲಭವಲ್ಲ. ಆದ್ದರಿಂದ ಹೊರಗಿನಿಂದ ಬಿದ್ದದ್ದು ಮರದ ಬೆಳವಣಿಗೆಗೆ ಒದಗದೆ ಬೇಗನೆ ಸೋರಿ, ಮಣ್ಣನ್ನು ಹುಳಿಯಾಗಿಸುವ ಸಂಭವ ಹೆಚ್ಚು. ದಕ್ಷಿಣ ಚೀನಾದ ದಿಂಗ್‌ಹುಶಾನ್ ಅರಣ್ಯದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಅಧಿಕ ಸಾರಜನಕ ಕೊಟ್ಟ ಹಳೆಯ ಕಾಡಿನಲ್ಲಿ ಮರಗಳಡಿಯ ಗಿಡಗಳ ವೈವಿಧ್ಯ ಗಣನೀಯವಾಗಿ ಕುಸಿದಿತ್ತು.

ಉಪಗ್ರಹಗಳು ಅಳೆದ ಅಮೋನಿಯಾ ನಕ್ಷೆಯಲ್ಲಿ ಸಿಂಧೂ-ಗಂಗಾ ಬಯಲು ಜಗತ್ತಿನ ಅತಿ ಸಾಂದ್ರ ಪ್ರದೇಶಗಳಲ್ಲೊಂದಾಗಿ ಎದ್ದು ಕಾಣುತ್ತದೆ. ದೆಹಲಿಯ ಕನ್ನಡಿಗರಿಗೆ ಚಿರಪರಿಚಿತವಾದ ಚಳಿಗಾಲದ ಹೊಗೆಮಂಜಿನಲ್ಲಿಯೂ ಇದರ ಪಾಲಿದೆ. ಅಮೋನಿಯಾವು ವಾಹನ ಮತ್ತು ಸ್ಥಾವರಗಳ ಹೊಗೆಯಿಂದಾದ ಆಮ್ಲಗಳೊಡನೆ ಸೇರಿ ಶ್ವಾಸಕೋಶಕ್ಕಿಳಿಯುವ ಸೂಕ್ಷ್ಮ ಕಣಗಳಾಗುತ್ತದೆ. ಅಂದರೆ ಕಾಡನ್ನು ಬಾಧಿಸುವ ವಸ್ತುವೇ ನಗರವಾಸಿಯ ಎದೆಯನ್ನೂ ಬಾಧಿಸುತ್ತಿದೆ.

ಭಾರತದ 2009ರ ವಾಯು ಗುಣಮಟ್ಟದ ಮಾನದಂಡದಲ್ಲಿ ಅಮೋನಿಯಾಕ್ಕೆ ವಾರ್ಷಿಕ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಯೂರೋಪಿನ ವಿಜ್ಞಾನಿಗಳು ಸೂಕ್ಷ್ಮ ಕಲ್ಲುಹೂವುಗಳಿಗೆ ಸೂಚಿಸಿರುವ ಮಿತಿ 1 ಮೈಕ್ರೋಗ್ರಾಂ, ಇತರ ಸಸ್ಯಗಳಿಗೆ 3. ಒಂದೇ ಗಾಳಿಯು ಕಾನೂನಿನ ದೃಷ್ಟಿಯಲ್ಲಿ ಶುದ್ಧವಾಗಿದ್ದು ಹಿಮಾಲಯದ ಓಕ್ ಮರದ ಮೇಲಿನ ಕಲ್ಲುಹೂವಿಗೆ ಮಾರಕವಾಗಿರುವುದು ಸಾಧ್ಯ. ದಕ್ಷಿಣ ಏಷ್ಯಾದ ದೇಶಗಳು ಬ್ರಿಟನ್ನಿನ ಸಂಶೋಧಕರೊಡನೆ ಕೂಡಿ ನಡೆಸಿದ ಸಾರಜನಕ ಅಧ್ಯಯನ ಯೋಜನೆಯಲ್ಲಿ ಹಿಮಾಲಯದ ಕಲ್ಲುಹೂವುಗಳಿಗೂ ಸ್ಥಾನ ದೊರೆತಿದೆ.

ಪಶ್ಚಿಮ ಘಟ್ಟಗಳ ಬಗ್ಗೆ ಕನ್ನಡಿಗರ ಕಾಳಜಿ ಸಹಜ. ಜಗತ್ತಿನ 34 ಜೀವವೈವಿಧ್ಯ ತಾಣಗಳಲ್ಲಿ ಬೀಳುವ ಸಾರಜನಕವನ್ನು ಅಂದಾಜಿಸಿದ 2006ರ ಅಧ್ಯಯನವು ಆ ತಾಣಗಳ ಸರಾಸರಿಯು ಭೂಭಾಗದ ಸರಾಸರಿಗಿಂತ ಶೇಕಡಾ 50ರಷ್ಟು ಹೆಚ್ಚಾಗಿತ್ತೆಂದು ತಿಳಿಸಿತು. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಆ ಪಟ್ಟಿಯಲ್ಲಿವೆ. ಕುದುರೆಮುಖ, ಬಾಬಾಬುಡನ್‌ಗಿರಿಗಳ ಎತ್ತರದ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳು ಮೋಡದೊಳಗೆ ಮೀಯುವ ತಾಣಗಳು. ಗಾಳಿ ತಂದದ್ದು ಮಂಜಿನೊಡನೆ ಇಳಿಯುವ ಇಂತಹ ಕಡೆ ದೀರ್ಘಕಾಲದ ಅಳತೆ ಆಗಬೇಕಾದುದು ಅಗತ್ಯ. ಯೂರೋಪಿನಲ್ಲಿ ಅಳತೆ ಆರಂಭವಾಗುವ ಹೊತ್ತಿಗೆ ಬಹಳಷ್ಟು ಕಳೆದುಹೋಗಿತ್ತು.

ಪರಿಹಾರದ ದಾರಿಗಳು

ಒಂದು ಪರಿಸರವು ಗಣನೀಯ ಹಾನಿಯಿಲ್ಲದೆ ತಾಳಬಲ್ಲ ಗರಿಷ್ಠ ಪ್ರಮಾಣವನ್ನು ನಿಗದಿಪಡಿಸಿ, ಅದಕ್ಕೆ ತಕ್ಕಂತೆ ಹೊಗೆಯನ್ನು ನಿಯಂತ್ರಿಸುವುದು ಯೂರೋಪು ಕಂಡುಕೊಂಡ ದಾರಿ. ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ 1979ರಲ್ಲಿ ಜಿನೀವಾದಲ್ಲಿ ಒಪ್ಪಂದವಾಯಿತು. 1999ರ ಗೋಥೆನ್‌ಬರ್ಗ್ ಒಡಂಬಡಿಕೆಯು ಅಮೋನಿಯಾವನ್ನೂ ಅದರ ವ್ಯಾಪ್ತಿಗೆ ತಂದಿತು. ಸಂಶೋಧನೆ ಬೆಳೆದಂತೆ ತಾಳಿಕೆಯ ಮಿತಿಗಳು ಇಳಿಯುತ್ತಲೇ ಬಂದಿವೆ. ಒಣ ಹೀದರ್ ಬಯಲಿಗೆ 10ರಿಂದ 20 ಕಿಲೋ ಎಂದಿದ್ದುದು 2022ರ ಪರಿಷ್ಕರಣೆಯಲ್ಲಿ 5ರಿಂದ 15 ಕಿಲೋ ಆಯಿತು. ಗಂಧಕದ ಹೊಗೆ ಯೂರೋಪಿನಲ್ಲಿ ಬಹುಪಾಲು ಇಳಿಯಿತು, ನೈಟ್ರೋಜನ್ ಆಕ್ಸೈಡ್ ಕೂಡ ಸಾಕಷ್ಟು ತಗ್ಗಿತು. ಅಮೋನಿಯಾ ಮಾತ್ರ ಅಷ್ಟಾಗಿ ಇಳಿಯಲಿಲ್ಲ. ಸ್ಥಾವರದ ಚಿಮಣಿಗೆ ಸೋಸುವ ಯಂತ್ರ ಕೂರಿಸಬಹುದು, ಸಾವಿರಾರು ಕೊಟ್ಟಿಗೆಗಳಿಗೆ ಕೂರಿಸುವುದು ಕಷ್ಟ.

ನೆದರ್‌ಲ್ಯಾಂಡ್ಸ್ ಸರ್ಕಾರವು ಮುಂದೆ ಸಾರಜನಕ ಕಡಿಮೆಯಾಗುತ್ತದೆಂಬ ನಿರೀಕ್ಷೆಯ ಮೇಲೆ ಹೊಸ ಕೊಟ್ಟಿಗೆ, ರಸ್ತೆ, ಕಟ್ಟಡಗಳಿಗೆ ಪರವಾನಗಿ ಕೊಡುತ್ತಿತ್ತು. ಬರಬಹುದಾದ ಆದಾಯವನ್ನು ನಂಬಿ ಆಧಾರವಿಲ್ಲದೆ ಇಂದೇ ಸಾಲ ಮಂಜೂರು ಮಾಡಿದಂತೆ. 2019ರ ಮೇ 29ರಂದು ಆ ದೇಶದ ಉನ್ನತ ಆಡಳಿತ ನ್ಯಾಯಪೀಠ ಈ ವ್ಯವಸ್ಥೆಯನ್ನು ರದ್ದುಗೊಳಿಸಿತು. ಅಸಂಖ್ಯ ಕಾಮಗಾರಿಗಳು ನಿಂತವು. ಹೆದ್ದಾರಿಯ ಹಗಲಿನ ವೇಗಮಿತಿ 2020ರ ಮಾರ್ಚ್‌ನಲ್ಲಿ ಗಂಟೆಗೆ 100 ಕಿಲೋಮೀಟರಿಗೆ ಇಳಿಯಿತು. ಜಾನುವಾರು ಸಂಖ್ಯೆ ಕಡಿತದ ಮಾತು ಬಂದಾಗ, 2019ರ ಅಕ್ಟೋಬರ್ 1ರಂದು ರೈತರು ಟ್ರ್ಯಾಕ್ಟರುಗಳೊಡನೆ ಹೇಗ್ ನಗರಕ್ಕೆ ಮುತ್ತಿದರು. 2023ರ ಮಾರ್ಚ್‌ನ ಪ್ರಾಂತೀಯ ಚುನಾವಣೆಯಲ್ಲಿ ರೈತಪರ ಪಕ್ಷವೊಂದು ಭಾರೀ ಜಯ ಗಳಿಸಿತು. 2025ರ ಜನವರಿಯಲ್ಲಿ ಹೇಗ್ ನ್ಯಾಯಾಲಯವು, ಸಾರಜನಕಕ್ಕೆ ಸೂಕ್ಷ್ಮವಾದ ನಿಸರ್ಗ ಪ್ರದೇಶದ ಅರ್ಧ ಭಾಗವನ್ನಾದರೂ 2030ರೊಳಗೆ ತಾಳಿಕೆಯ ಮಿತಿಯೊಳಗೆ ತರಬೇಕೆಂದು ಸರ್ಕಾರಕ್ಕೆ ಆದೇಶಿಸಿತು. ದಶಕಗಳ ಕಾಲ ಮುಂದೂಡಿದ ಹೊರೆ ಒಮ್ಮೆಲೇ ಒಂದು ತಲೆಮಾರಿನ ರೈತರ ಹೆಗಲಿಗೆ ಬಿದ್ದುದು ಆ ಕೋಪದ ಮೂಲ.

ಭಾರತವು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. 2015ರಲ್ಲಿ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪನ ಕಡ್ಡಾಯವಾಯಿತು. ಬೇವು ಮಣ್ಣಿನಲ್ಲಿ ನೈಟ್ರೇಟ್ ಆಗುವ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. 2017ರಲ್ಲಿ ಭಾರತೀಯ ವಿಜ್ಞಾನಿಗಳು ದೇಶದ ಸಾರಜನಕದ ಸಮಗ್ರ ಮೌಲ್ಯಮಾಪನ ಗ್ರಂಥವನ್ನು ಹೊರತಂದರು. 2018ರಲ್ಲಿ ಯೂರಿಯಾ ಚೀಲದ ತೂಕ 50ರಿಂದ 45 ಕಿಲೋಗೆ ಇಳಿಯಿತು. 2019ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆಯಲ್ಲಿ ಸಾರಜನಕದ ಸುಸ್ಥಿರ ನಿರ್ವಹಣೆಯ ನಿರ್ಣಯವನ್ನು ಮಂಡಿಸಿದ್ದು ಭಾರತವೇ. ಅದೇ ವರ್ಷದ ಅಕ್ಟೋಬರ್‌ನ ಕೊಲಂಬೊ ಘೋಷಣೆಯು ಪೋಲಾಗುವ ಸಾರಜನಕವನ್ನು 2030ರೊಳಗೆ ಅರ್ಧಕ್ಕಿಳಿಸುವ ಗುರಿಯಿಟ್ಟಿತು. 2020ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದಿತು.

ಹೊಲದ ಮಟ್ಟದಲ್ಲಿಯೂ ಮಾರ್ಗಗಳಿವೆ. ಎಲೆಯ ಬಣ್ಣದ ಪಟ್ಟಿಯನ್ನು ಹಿಡಿದು ನೋಡಿ ಬೇಕಾದಾಗಲಷ್ಟೇ ಯೂರಿಯಾ ಕೊಡುವುದು, ಒಮ್ಮೆಲೇ ಎರಚದೆ ಕಂತಿನಲ್ಲಿ ಹಾಕುವುದು, ಮಣ್ಣಿನೊಳಗೆ ಸೇರಿಸುವುದು, ದ್ವಿದಳ ಧಾನ್ಯಗಳ ಸರದಿ ಬೆಳೆ, ಗೊಬ್ಬರದ ಗುಂಡಿಯನ್ನು ಮುಚ್ಚಿಡುವುದು ಇವೆಲ್ಲ ಸೋರಿಕೆಯನ್ನು ತಡೆಯುತ್ತವೆ. ಗಾಳಿಗೆ ಹೋಗುವ ಪ್ರತಿ ಕಿಲೋ ಸಾರಜನಕವೂ ರೈತ ಹಾಗೂ ಸರ್ಕಾರ ಹಣ ತೆತ್ತು ಕೊಂಡದ್ದು. ಆದ್ದರಿಂದ ಕಾಡಿನ ಹಿತ ಮತ್ತು ರೈತನ ಹಿತ ಇಲ್ಲಿ ಎದುರುಬದುರಾಗಿ ನಿಲ್ಲಬೇಕಾಗಿಲ್ಲ.

ಹೋದದ್ದು ಮರಳುವುದೇ?

ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ರಾಥಮ್‌ಸ್ಟೆಡ್‌ನ ಹುಲ್ಲುಗಾವಲಿನಲ್ಲಿ ಗೊಬ್ಬರ ನಿಲ್ಲಿಸಿದ ತುಂಡುಗಳಲ್ಲಿಯೂ, ಬ್ರಿಟನ್ನಿನ ಗಾಳಿ ಶುದ್ಧವಾಗುತ್ತಾ ಬಂದಂತೆ ಇತರ ತುಂಡುಗಳಲ್ಲಿಯೂ ಸಸ್ಯವೈವಿಧ್ಯ ಚೇತರಿಸಿಕೊಂಡುದನ್ನು 2015ರ ವರದಿ ತೋರಿಸಿತು. ಅಲ್ಲಿ ಪ್ರತಿವರ್ಷ ಹುಲ್ಲು ಕೊಯ್ದು ಹೊರಗೊಯ್ಯುತ್ತಾರೆ, ಸುತ್ತಲೂ ಬೀಜದ ಮೂಲವಿದೆ. ಆದರೆ ಅಮೆರಿಕದ ಮಿನೆಸೋಟದ ಸೀಡರ್ ಕ್ರೀಕ್‌ನಲ್ಲಿ ಸಾರಜನಕ ನಿಲ್ಲಿಸಿ ಎರಡು ದಶಕ ಕಳೆದರೂ ಕಳೆದುಕೊಂಡ ಜಾತಿಗಳು ಮರಳಲಿಲ್ಲವೆಂದು 2013ರ ಅಧ್ಯಯನ ತಿಳಿಸಿತು. ಬೀಜವೂ ಜಾಗವೂ ಉಳಿದಿರುವಾಗಲೇ ಕೈ ತಡೆದರೆ ಮರಳುವ ದಾರಿಯಿದೆ. ತಡಮಾಡಿದಷ್ಟೂ ಅದು ಕಿರಿದಾಗುತ್ತದೆ.

ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳಿದ್ದು ಊಟದೆಲೆಯ ಮುಂದೆ ಕುಳಿತವರಿಗೆ. ಉಣ್ಣುವವನು ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯಬಲ್ಲ. ಕಾಡಿಗೆ ಆ ಸೌಲಭ್ಯವಿಲ್ಲ. ಅದರ ಪರವಾಗಿ ಸಾಕೆಂದು ಹೇಳಬೇಕಾದವರು ಬಡಿಸುತ್ತಿರುವ ನಾವೇ.